ನಾಲ್ಕನೇ ಕ್ಯಾಮೆರಾ

ಇಂದ್ರೇಶನ ಕಷ್ಟಕ್ಕೆಲ್ಲ ಅವನ ಬಾಯಿಯೇ ಕಾರಣ. ಆ ಬಾಯಿ ಶನಿವಾರ ಸಂಜೆ ಕೆಂಚಪ್ಪನ ಟೀ ಅಂಗಡಿಯಲ್ಲಿ ಟೀ ಕುಡಿದು ತೆಪ್ಪಗೆ ಎದ್ದು ಬಂದಿದ್ದರೆ ಭಾನುವಾರ ಇಷ್ಟೆಲ್ಲ ಆಗುತ್ತಿರಲಿಲ್ಲ.

ಅರಸೀಕೆರೆಯ ಏಕಾಂತಯ್ಯನವರ ಕೊಬ್ಬರಿ ಮಂಡಿಯಲ್ಲಿ ಇಂದ್ರೇಶ ಗುಮಾಸ್ತ. ಚೀಲ ತೂಗಿಸುವುದು, ಲಾರಿ ತುಂಬಿಸುವುದು ಅವನ ಕೆಲಸ. ಜೀವ ಮಾತ್ರ ಫುಟ್‌ಬಾಲಿನಲ್ಲಿ. ಹಾಗಂತ ಒಂದು ದಿನವೂ ಚೆಂಡು ಒದ್ದವನಲ್ಲ. ಇಂಗ್ಲೆಂಡು, ಸ್ಪೇನಿನ ಮ್ಯಾಚು ನೋಡಿ, ಯಾವ ರೆಫರಿ ಎಲ್ಲಿ ಎಡವಿದ, ಯಾವ ಮ್ಯಾನೇಜರನ್ನು ಮನೆಗೆ ಕಳಿಸಬೇಕು ಎಂದು ಮರುದಿನ ಟೀ ಅಂಗಡಿಯಲ್ಲಿ ಕೂತು ತೀರ್ಪು ಕೊಡುವುದೇ ಅವನ ಆಟ. ಅದರಲ್ಲೂ ವಿಎಆರ್ ಎಂದರೆ, ರೆಫರಿಗೆ ಅನುಮಾನ ಬಂದಾಗ ವಿಡಿಯೊ ನೋಡಿ ತೀರ್ಮಾನ ತಿದ್ದುವ ಏರ್ಪಾಡು ಎಂದರೆ, ಅವನಿಗೆ ಮಾಲೇಕಲ್ಲು ತಿಮ್ಮಪ್ಪನ ಮೇಲಿರುವಷ್ಟೇ ಭಕ್ತಿ. ಮನುಷ್ಯನ ಕಣ್ಣು ನಂಬಬಾರದು, ಕ್ಯಾಮೆರಾ ನಂಬಬೇಕು ಎಂದು ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದ.

ಶನಿವಾರ ಟೀ ಅಂಗಡಿಯಲ್ಲಿ ಮರುದಿನದ ಫೈನಲ್ಲಿನದೇ ಮಾತು. ಮಂಡಿಯ ಹಿಂದಿನ ಮೈದಾನದಲ್ಲಿ ಅರಸೀಕೆರೆಗೂ ಹಳೇಬೀಡಿಗೂ ಪಂದ್ಯ. ರೆಫರಿ ಕಲ್ಲೇಶಪ್ಪ ಮೇಷ್ಟ್ರು, ರಿಟೈರಾದ ಪಿ.ಟಿ. ಮೇಷ್ಟ್ರು, ಎರಡು ತಿಂಗಳ ಹಿಂದಷ್ಟೇ ಕಣ್ಣಿನ ಆಪರೇಷನ್ ಮಾಡಿಸಿಕೊಂಡವರು. ಸೆಮಿಫೈನಲ್ಲಿನಲ್ಲಿ ಅವರು ಆಟಗಾರನ ಬದಲು ಲೈನ್‌ಮನ್ನಿಗೇ ಹಳದಿ ಕಾರ್ಡು ತೋರಿಸಿದ್ದು ಎಲ್ಲರಿಗೂ ನೆನಪಿತ್ತು. ನಾಳೆ ಗೋಲಾಯಿತೋ ಇಲ್ಲವೋ ಎಂದು ತಕರಾರು ಬಂದರೆ ಗತಿಯೇನು ಎಂದು ಕೆಂಚಪ್ಪ ಕೇಳಿದ.

ಇಂದ್ರೇಶ ಲೋಟ ಕೆಳಗಿಟ್ಟ. "ನಮ್ ಗೋಡೌನ್ ಗೋಡೆ ಮೇಲೆ ಕ್ಯಾಮೆರಾ ಐತಲ್ಲ, ನೆಟ್ಟಗೆ ಗೋಲಿನ ಕಡೀಕೇ ಮುಖ. ಗೆರೆ ಮೇಲೆ ಇರುವೆ ಹೋದ್ರೂ ಕಾಣ್ಸುತ್ತೆ. ಅನುಮಾನ ಬಂದ್ರೆ ನನ್ನ ಕರೀರಿ, ಎರಡೇ ನಿಮಿಷದಲ್ಲಿ ನೋಡಿ ಹೇಳ್ತೀನಿ."

ಗ್ರಹಚಾರಕ್ಕೆ ಎರಡು ತಂಡದ ಮ್ಯಾನೇಜರುಗಳೂ ಅಲ್ಲೇ ಬೆಂಚಿನ ಮೇಲೆ ಇದ್ದರು. ಹಳೇಬೀಡಿನ ಮ್ಯಾನೇಜರ್ ಶಿವಪ್ರಕಾಶ್, ಗೊಬ್ಬರದ ಅಂಗಡಿ ಇಟ್ಟವನು, ಏಕಾಂತಯ್ಯನವರ ಸ್ವಂತ ಅಳಿಯ. ಅರಸೀಕೆರೆಯವರ ಮ್ಯಾನೇಜರ್ ಕುಮಾರಸ್ವಾಮಿ. ತಂಡಕ್ಕೊಬ್ಬ ಮ್ಯಾನೇಜರ್ ಬೇಕು ಎಂದಾಗ ಊರವರು ಹೆಚ್ಚು ತಲೆ ಕೆಡಿಸಿಕೊಂಡಿರಲಿಲ್ಲ. ಸೊಸೈಟಿಯಲ್ಲಿ ಇಪ್ಪತ್ತು ವರ್ಷ ಮ್ಯಾನೇಜರಾಗಿದ್ದ ಅನುಭವಸ್ಥರು ಊರಲ್ಲೇ ಇದ್ದರಲ್ಲ. ಅವರು ಮೈದಾನಕ್ಕೂ ಫೈಲು ಹಿಡಿದೇ ಬರುತ್ತಿದ್ದರು. ಆಟಗಾರ ಸುಸ್ತಾಗಿ ಹೊರಗೆ ಬರಬೇಕಾದರೆ ಅರ್ಜಿ ಬರೆದುಕೊಡಬೇಕಿತ್ತು. ಇಂದ್ರೇಶನ ಮಾತು ಕೇಳಿದ್ದೇ ಕುಮಾರಸ್ವಾಮಿಯವರು ಫೈಲಿನಿಂದ ಹಾಳೆ ತೆಗೆದು, ಕ್ಯಾಮೆರಾ ಹೇಳಿದ್ದೇ ಅಂತಿಮ ಎಂದು ಬರೆದು ಇಬ್ಬರ ರುಜುವನ್ನೂ ಹಾಕಿಸಿಬಿಟ್ಟರು.

ಮನೆ ದಾರಿ ಹಿಡಿದಾಗ ಇಂದ್ರೇಶನಿಗೆ ತಾನು ಆಡಿದ್ದೇನೆಂದು ಹೊಳೆಯಿತು. ಆ ಕ್ಯಾಮೆರಾ ಕೆಟ್ಟು ಎಂಟು ತಿಂಗಳಾಗಿತ್ತು.

ಕೆಡಿಸಿದವನು ತಾನೇ ಎಂದು ಅವನ ನಂಬಿಕೆ. ಮಂಡಿಗೆ ನಾಲ್ಕು ಕ್ಯಾಮೆರಾ. ನಾಲ್ಕರ ಚಿತ್ರವೂ ಆಫೀಸಿನ ಟೀವಿಯಲ್ಲಿ ನಾಲ್ಕು ಚೌಕವಾಗಿ ಬರಬೇಕು. ಹಾಕಿಸಿದ ಹೊಸದರಲ್ಲಿ ಇಂದ್ರೇಶ ಆ ಟೀವಿಯನ್ನು ಸರಿಯಾಗಿ ನೋಡಿದವನೇ ಅಲ್ಲ. ಒಂದು ದಿನ ದೊಡ್ಡ ಫೈನಲ್ಲೊಂದನ್ನು ದೊಡ್ಡ ಪರದೆಯಲ್ಲಿ ನೋಡುವ ಆಸೆಗೆ ಕ್ಯಾಮೆರಾದ ವೈರು ಕಿತ್ತು ತನ್ನ ವೈರು ಸಿಕ್ಕಿಸಿದ. ಮ್ಯಾಚು ಮುಗಿಸಿ ಮತ್ತೆ ಹಾಕಿ ನೋಡಿದರೆ ಮೂರು ಚೌಕದಲ್ಲಿ ಚಿತ್ರ, ನಾಲ್ಕನೆಯದು ಕಪ್ಪು. ಅದೇ ಮೈದಾನದ ಕಡೆಯ ಕ್ಯಾಮೆರಾ. ಅಂದಿನಿಂದ ಏಕಾಂತಯ್ಯನವರು ದಿನಾ ಬೆಳಿಗ್ಗೆ, "ಕ್ಯಾಮೆರಾ ಎಲ್ಲಾ ಸರಿಯಾಗವೇನಯ್ಯ?" ಎಂದು ಕೇಳುವುದು, ಇವನು ನಾಲ್ಕೂ ಚೆನ್ನಾಗಿ ಕಾಣ್ತಾವೆ ಯಜಮಾನ್ರೆ ಎನ್ನುವುದು ನಡೆದೇ ಇತ್ತು. ಕೇಳಿ ಯಜಮಾನರು ಮೀಸೆಯೊಳಗೇ ನಗುತ್ತಿದ್ದರು. ತನ್ನ ಕೆಲಸ ಮೆಚ್ಚಿ ನಗುತ್ತಾರೆ ಎಂದುಕೊಂಡಿದ್ದ. ಸುಳ್ಳು ಗೊತ್ತಾದರೆ ಕೆಲಸ ಹೋಯಿತು. ಮಧ್ಯಾಹ್ನ ಎರಡು ಗಂಟೆ ಹೊತ್ತು ಮೊಬೈಲಿನಲ್ಲಿ ಮ್ಯಾಚು ನೋಡಲು ಬಿಡುವ ಇನ್ನೊಂದು ಮಂಡಿ ಅವನಿಗೆ ಸಿಗುವಂತಿರಲಿಲ್ಲ.

ತಕರಾರಿಲ್ಲದೆ ಮ್ಯಾಚು ಮುಗಿಯಲಪ್ಪ ಎಂದು ದೇವರಿಗೆ ಕೈಮುಗಿದೇ ಭಾನುವಾರ ಮೈದಾನಕ್ಕೆ ಬಂದ. ಮಂಡಿಯ ಹಿಂದಿನ ಜಗಲಿಯ ಮೇಲೆ ಕೂತರೆ ಗೋಲಿನ ಕಂಬ ಮೂವತ್ತು ಅಡಿ ದೂರ. ಗೋಲಿಗೆ ಬಲೆ ಇರಲಿಲ್ಲ, ಇದ್ದದ್ದನ್ನು ಯಾರೋ ಸೀಬೆಗಿಡಕ್ಕೆ ಹೊದಿಸಿಕೊಂಡಿದ್ದರು. ಬಲೆ ಇರಬೇಕಾದ ಜಾಗದಲ್ಲಿ ಬೋರಮ್ಮಜ್ಜಿ ಹುರಿಗಡಲೆ, ಕಡ್ಲೆಕಾಯಿ ಪುಟ್ಟಿ ಇಟ್ಟುಕೊಂಡು ಕೂತಿದ್ದಳು. ಆಚೆ ಶಾಮಿಯಾನದ ಕೆಳಗೆ ಮುಖ್ಯ ಅತಿಥಿ ಏಕಾಂತಯ್ಯನವರು ಗೆದ್ದವರಿಗೆ ಕೊಡುವ ಕಪ್ಪಿನ ಪಕ್ಕ ವಿರಾಜಮಾನರಾಗಿದ್ದರು.

ಹಳೇಬೀಡು ಮೊದಲರ್ಧದಲ್ಲೇ ಒಂದು ಗೋಲು ಹೊಡೆದು ಮುಂದಿತ್ತು. ಇನ್ನೆರಡು ನಿಮಿಷ ಉಳಿದಿದೆ ಎನ್ನುವಾಗ ಅರಸೀಕೆರೆಯ ಕಿರಣ್ ಬೀಸಿ ಒದ್ದ. ಚೆಂಡು ಮೇಲಿನ ಅಡ್ಡಕಂಬದ ಅಡಿಗೆ ಬಡಿದು ಕೆಳಗೆ ಬಿತ್ತು, ಪುಟಿದು ಹೊರಗೆ ಬಂತು, ಹಳೇಬೀಡಿನ ಗೋಲ್‌ಕೀಪರ್ ಅದನ್ನು ತಬ್ಬಿಕೊಂಡು ಮಲಗಿದ. ಇಡೀ ಮೈದಾನ ಎದ್ದು ನಿಂತಿತು. ಇಂದ್ರೇಶ ಮಾತ್ರ ನೋಡಲಿಲ್ಲ. ಹೋದ ವಾರ ಇಂಗ್ಲೆಂಡಿನಲ್ಲಿ ರೆಫರಿಯೊಬ್ಬ ಕೊಟ್ಟ ತಪ್ಪು ಪೆನಾಲ್ಟಿಯನ್ನು ಮೊಬೈಲಿನಲ್ಲಿ ಹನ್ನೊಂದನೇ ಸಲ ಹಿಂದಕ್ಕೆ ಮುಂದಕ್ಕೆ ಎಳೆದು ನೋಡುತ್ತಿದ್ದ.

ಕಲ್ಲೇಶಪ್ಪ ಮೇಷ್ಟ್ರು ಗೋಲಿಲ್ಲ ಎಂದು ಸೀಟಿ ಊದಿದರು. ಅರಸೀಕೆರೆಯವರು ಮೈದಾನಕ್ಕೆ ನುಗ್ಗಿದರು, ಹಳೇಬೀಡಿನವರು ಎದುರಿನಿಂದ ನುಗ್ಗಿದರು. ಗದ್ದಲದ ಮಧ್ಯೆ ಬೋರಮ್ಮಜ್ಜಿ ಚೆಲ್ಲಿದ ಕಡ್ಲೆಕಾಯಿ ಆಯುತ್ತ, "ಅಲ್ಲ ಕಣ್ರಪ್ಪ, ಚೆಂಡು ನನ್ ಪುಟ್ಟಿ..." ಎಂದು ಶುರುಮಾಡಿದಳು. ಕುಮಾರಸ್ವಾಮಿ ಅವಳ ಮಾತು ಮುಗಿಸಗೊಡಲಿಲ್ಲ.

"ಅಜ್ಜಿ, ನೀನ್ ಸುಮ್ನಿರು. ಇದು ಟೆಕ್ನಿಕಲ್ ವಿಷ್ಯ."

ಅವರು ಫೈಲಿನಿಂದ ರುಜು ಹಾಕಿದ ಹಾಳೆ ತೆಗೆದು ಎತ್ತಿ ತೋರಿಸಿದರು. ಕ್ಯಾಮೆರಾ, ಕ್ಯಾಮೆರಾ ಎಂದು ಜನ ಕೂಗಿದರು. ಏಕಾಂತಯ್ಯನವರ ಮುಖ ಯಾಕೋ ಒಂಥರಾ ಆಯಿತು. ಮೈಕು ಹಿಡಿದು, ಕ್ಯಾಮೆರಾ ಗೀಮೆರಾ ಏನೂ ಬೇಡ, ರೆಫರಿ ಹೇಳಿದ ಮೇಲೆ ಮುಗೀತು ಎಂದರು. ಅಳಿಯನ ತಂಡ ಗೆಲ್ಲಲಿ ಅಂತ ಮಾವನ ಆಟ ನೋಡ್ರಪ್ಪ ಎಂದು ಯಾರೋ ಹಿಂದಿನಿಂದ ಅಂದ. ಅವರು ಮೈಕು ಕೊಟ್ಟು ಕೂತುಬಿಟ್ಟರು.

ಇಂದ್ರೇಶನನ್ನು ಎತ್ತಿಕೊಂಡೇ ಆಫೀಸಿನ ಬಾಗಿಲಿಗೆ ತಂದು ನಿಲ್ಲಿಸಿದರು. ಎರಡೂ ಕಡೆಯವರು ಒಳಗೆ ಬರುತ್ತೇವೆ ಎಂದರು. ವಿಎಆರ್ ರೂಮಿಗೆ ಹೊರಗಿನವರು ಬರುವ ಹಾಗಿಲ್ಲ, ಇಂಟರ್‌ನ್ಯಾಷನಲ್ ರೂಲ್ಸು ಎಂದು ಹೇಳಿ ಒಳಗಿನಿಂದ ಚಿಲಕ ಹಾಕಿಕೊಂಡ.

ಟೀವಿಯಲ್ಲಿ ತಕ್ಕಡಿ ಕಂಡಿತು, ಮುಂಬಾಗಿಲು ಕಂಡಿತು, ಕೊಬ್ಬರಿ ಚೀಲಗಳ ಮೇಲೆ ಮಲಗಿದ ಬೆಕ್ಕು ಕಂಡಿತು. ನಾಲ್ಕನೇ ಚೌಕ ಕಪ್ಪಗೆ ಅವನನ್ನೇ ನೋಡುತ್ತಿತ್ತು. ಗೋಲು ಎಂದರೆ ಯಜಮಾನರ ಅಳಿಯನ ಗೆಲುವು ಕೈತಪ್ಪಿ ತನ್ನ ಕೆಲಸ ಹೋಗುತ್ತದೆ, ಗೋಲಿಲ್ಲ ಎಂದರೆ ಊರಿನವರು ಹಲ್ಲು ಉದುರಿಸುತ್ತಾರೆ. ಯಾರಿಗೂ ಪೂರ್ತಿ ಸಿಟ್ಟು ಬಾರದಂಥ ತೀರ್ಪು ಒಂದಾದರೂ ಇರಬೇಕಲ್ಲ ಎಂದು ಹತ್ತು ನಿಮಿಷ ಬೆವರು ಸುರಿಸಿದ. ಆಮೇಲೆ ಎದ್ದು ಮುಖ ಒರೆಸಿಕೊಂಡು ಹೊರಬಂದು, ಟೀವಿಯಲ್ಲಿ ರೆಫರಿಗಳು ಮಾಡುವಂತೆ ಎರಡು ಬೆರಳಿನಿಂದ ಗಾಳಿಯಲ್ಲಿ ಚೌಕ ಬರೆದ.

"ಗೆರೆ ಹತ್ರ ಧೂಳೆದ್ದೈತೆ, ಗೋಲು ಆಯ್ತೋ ಇಲ್ವೋ ತಿಳೀತಿಲ್ಲ. ಆದ್ರೆ ಅದಕ್ಕೆ ಮುಂಚೆ ಚೆಂಡು ಹಳೇಬೀಡಿನೋರ ಕೈಗೆ ತಗುಲೈತೆ. ಕ್ಲಿಯರಾಗಿ ಕಾಣ್ತು. ಪೆನಾಲ್ಟಿ."

ಹಳೇಬೀಡಿನ ಆಟಗಾರರು ತಂತಮ್ಮ ಕೈ ನೋಡಿಕೊಂಡರು. ಅವರಲ್ಲಿ ರಘು ಎಂಬ ಸಾಧು ಹುಡುಗ, ನಂಗೂ ಏನೋ ತಗುಲಿದಂಗಾಗಿತ್ತು ಅಂತ ಒಪ್ಪಿಕೊಂಡ. ಇಂದ್ರೇಶನಿಗೇ ಆಶ್ಚರ್ಯವಾಯಿತು. ಒಂದು ಕ್ಷಣ ತಾನು ನಿಜವಾಗಿ ವಿಡಿಯೊ ನೋಡಿದೆನೇನೋ ಎಂದೂ ಅನ್ನಿಸಿತು. ಶಿವಪ್ರಕಾಶ್ ಹಲ್ಲು ಕಚ್ಚಿ ತನ್ನ ಗೋಲ್‌ಕೀಪರನ್ನು ಕಂಬಗಳ ನಡುವೆ ನಿಲ್ಲಿಸಿದ, ಅರಸೀಕೆರೆಯವರು ಸಿಕ್ಕಿದಷ್ಟೇ ಲಾಭವೆಂದು ಹಿಂದೆ ಸರಿದರು. ಟೆಕ್ನಾಲಜಿ ಅಂದ್ರೆ ಇದಪ್ಪ ಎಂದು ಕೆಂಚಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ. ಆ ಮಾತು ಕೇಳಿ ಇಂದ್ರೇಶನ ಎದೆ ಎರಡು ಇಂಚು ಉಬ್ಬಿತು.

ಕಿರಣ್ ಚೆಂಡಿಟ್ಟು, ಹತ್ತು ಹೆಜ್ಜೆ ಹಿಂದೆ ಹೋಗಿ, ಓಡಿ ಬಂದು ಒದ್ದ. ಚೆಂಡು ಗೋಲಿಗೆ ಹೋಗಲಿಲ್ಲ. ಅಡ್ಡಕಂಬದ ಮೇಲೆ ಹಾದು, ಬೋರಮ್ಮಜ್ಜಿಯ ತಲೆಯ ಮೇಲೆ ಹಾದು, ನೇರ ಗೋಡೌನಿನ ಗೋಡೆಗೆ ಹೋಗಿ ನಾಲ್ಕನೇ ಕ್ಯಾಮೆರಾಕ್ಕೆ ಫಟ್ಟೆಂದು ಬಡಿಯಿತು. ಕ್ಯಾಮೆರಾ ಕಿತ್ತುಬಂದು ಜಗಲಿಯ ಮೇಲೆ ಬಿದ್ದು, ಎರಡು ಹೋಳಾಗಿ, ಕಲ್ಲೇಶಪ್ಪ ಮೇಷ್ಟ್ರ ಕಾಲ ಬಳಿಗೆ ಉರುಳಿತು.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಒಳಗೆ ಒಂದು ಪೆನ್ಸಿಲ್ ಸೆಲ್ಲು, ಒಂದು ಪುಟ್ಟ ಕೆಂಪು ಬಲ್ಬು, ಎರಡು ಹಲ್ಲಿ ಮೊಟ್ಟೆ. ಬೇರೇನೂ ಇರಲಿಲ್ಲ. ಆಪರೇಷನ್ ಆದ ಕಣ್ಣು ಮೋಸ ಮಾಡುತ್ತಿದೆಯೇನೋ ಎಂದು ಅವರು ಅದನ್ನು ಶಿವಪ್ರಕಾಶನ ಕೈಗೆ ಕೊಟ್ಟರು. ಅವನು ತಿರುಗಿಸಿ ನೋಡಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಸಾವಿರ ಜನರ ಕಣ್ಣು ಡಬ್ಬದಿಂದ ಇಂದ್ರೇಶನ ಮೇಲೆ ಹೊರಳಿತು.

ಅಷ್ಟರಲ್ಲಿ ಏಕಾಂತಯ್ಯನವರು ಪಂಚೆ ಎತ್ತಿ ಹಿಡಿದು ಓಡುನಡಿಗೆಯಲ್ಲಿ ಬಂದರು. ಆ ವಯಸ್ಸಿನಲ್ಲಿ ಅವರು ಅಷ್ಟು ಬಿರುಸಾಗಿ ಬಂದದ್ದನ್ನು ಯಾರೂ ನೋಡಿರಲಿಲ್ಲ.

"ಇಂದ್ರೇಶ, ಒಂದೇ ಮಾತು ಹೇಳು. ಈಗ ಒಳಗೆ ಹೋಗಿ ಈ ಕ್ಯಾಮೆರಾದಲ್ಲಿ ನೋಡ್ದೋ, ಇಲ್ವೋ?"

ಇಲ್ಲ ಎಂದರೆ ಎರಡೂ ಊರಿನವರು ಸೇರಿ ತನ್ನನ್ನು ಚೆಂಡು ಮಾಡಿಕೊಳ್ಳುತ್ತಾರೆ. ಇಂದ್ರೇಶ, "ನೋಡ್ದೆ ಯಜಮಾನ್ರೆ" ಎಂದ.

"ಕೇಳಿದ್ರೇನ್ರಪ್ಪ? ಕಾಲು ಗಂಟೆ ಹಿಂದೆ ಡಬ್ಬದೊಳಗೆ ಕ್ಯಾಮೆರಾ ಇತ್ತು. ಈಗಿಲ್ಲ. ಆಫೀಸ್ ಕಿಟಕೀಲಿ ಕೈ ಹಾಕಿದ್ರೆ ಸಿಗೋ ಸಾಮಾನು. ಚಿಲಕ ಹಾಕ್ಕೊಂಡು ಒಳಗಿದ್ದೋನು ಇವನೊಬ್ನೇ."

ಜನಕ್ಕೆ ಅದು ಸರಿ ಕಂಡಿತು. ಹಳೇಬೀಡಿನವರಿಗೆ ಹೇಗೂ ಪೆನಾಲ್ಟಿ ತಪ್ಪಿ ಕಪ್ಪು ಸಿಕ್ಕಿತ್ತು, ಅವರು ಹೆಚ್ಚು ಕೆದಕಲಿಲ್ಲ. ಅರಸೀಕೆರೆಯವರಿಗೆ ಬಯ್ಯಲು ಒಬ್ಬ ಬೇಕಿತ್ತು, ಸಿಕ್ಕಿದ. ನಿನ್ನೆವರೆಗೆ ಅವನ ಮಾತಿಗೆ ತಲೆದೂಗುತ್ತಿದ್ದ ಕೆಂಚಪ್ಪನೇ, ಏನ್ಲಾ, ಉಂಡ ಮನೇಲೇ ಕೈ ಹಾಕ್ತೀಯಾ ಎಂದು ಮುಖದ ಮೇಲೆ ಕೇಳಿದ. ಇಂದ್ರೇಶನಿಗೆ ಅಳುವೇ ಬಂತು.

ಎಲ್ಲರೂ ಚದುರಿದ ಮೇಲೆ ಏಕಾಂತಯ್ಯನವರು ಅವನನ್ನು ಆಫೀಸಿಗೆ ಕರೆದು ಬಾಗಿಲು ಮುಂದೆ ಮಾಡಿದರು. ಇಂದ್ರೇಶ ಕಾಲಿಗೆ ಬಿದ್ದು, ತಾನು ಕದ್ದಿಲ್ಲ, ವೈರು ಕಿತ್ತು ಕೆಡಿಸಿದ್ದು ಮಾತ್ರ ನಿಜ ಎಂದು ಎಂಟು ತಿಂಗಳ ಕತೆಯನ್ನೆಲ್ಲ ಬಡಬಡ ಒಪ್ಪಿಸಿದ.

"ಕೆಡ್ಸೋಕೆ ಅಲ್ಲೇನಿತ್ತಯ್ಯ?" ಎಂದರು ಅವರು. "ಮೈದಾನದ ಕಡೀಕೆ ನಿಜವಾದ್ದು ಹಾಕಿದ್ರೆ ದಿನಾ ಚೆಂಡು ಬಡಿದು ಹಾಳಾಗುತ್ತೆ ಅಂತ ಮೊದಲಿಂದ ಖಾಲಿ ಡಬ್ಬ ಹಾಕ್ಸಿದ್ದೆ. ಕಳ್ಳರು ಹೆದರ್‍ಕೊಂಡ್ರೆ ಸಾಕಿತ್ತು. ಆ ಖಾಲಿ ಡಬ್ಬದಲ್ಲಿ ನಿಂಗೆ ದಿನಾ ಬೆಳಿಗ್ಗೆ ಏನ್ ಚೆನ್ನಾಗಿ ಕಾಣ್ತಿತ್ತು ಅಂತ ಕೇಳ್ಬೇಕು ಕೇಳ್ಬೇಕು ಅಂತ ಎಂಟು ತಿಂಗಳಿಂದ ಅನ್ಕೋತಿದ್ದೆ."

ಇಂದ್ರೇಶನಿಗೆ ಆ ಮೀಸೆಯೊಳಗಿನ ನಗು ಈಗ ಅರ್ಥವಾಯಿತು. ಹಾಗಾದರೆ ತಾನು ಕಳ್ಳನಲ್ಲ ಎಂದು ನಾಳೆ ಊರಿಗೆ ಹೇಳಿಬಿಡಿ ಎಂದು ಕೈಮುಗಿದ. ಹೇಳಿದರೆ ಹಿಂಬಾಗಿಲಿಗೆ ಕಾವಲಿಲ್ಲ ಎಂದು ಕಳ್ಳರಿಗೆ ಡಂಗುರ ಸಾರಿದ ಹಾಗೆ ಎಂದರು ಏಕಾಂತಯ್ಯನವರು. ಕೆಲಸದಿಂದ ತೆಗೆಯುವುದಿಲ್ಲ, ಆದರೆ ಹಿಂಬಾಗಿಲಿಗೆ ಏರ್ಪಾಡಂತೂ ಆಗಬೇಕು.

"ಹೊಸದು ಬರೋವರ್‍ಗೂ ನೀನೇ ಕ್ಯಾಮೆರಾ. ಆ ಮೊಬೈಲು ಇಲ್ಲಿಡು."

ಸೋಮವಾರ ಸಂಜೆ ಮಂಡಿಯ ಹಿಂಗೋಡೆಯ ಮೇಲೆ, ಡಬ್ಬ ಇದ್ದ ಜಾಗದಲ್ಲೇ, ಸ್ಟೂಲು ಹಾಕಿಕೊಂಡು ಇಂದ್ರೇಶ ಕೂತಿದ್ದ. ಕೆಳಗೆ ಕಿರಣ್ ಮತ್ತವನ ಕಡೆಯವರು ಎರಡು ಗುಂಪಾಗಿ ಆಡುತ್ತಿದ್ದರು. ಕಿರಣ್ ಒದ್ದ ಚೆಂಡು ಅಡ್ಡಕಂಬದ ಅಡಿಗೆ ಬಡಿದು, ಗೆರೆಯಿಂದ ಒಂದು ಮಾರು ಒಳಗೆ ಬಿದ್ದು, ಬೋರಮ್ಮಜ್ಜಿಯ ಪುಟ್ಟಿಗೆ ತಾಗಿ, ಪುಟಿದು ಹೊರಗೆ ಬಂತು. ಎಲ್ಲರೂ ಜಗಳಕ್ಕೆ ನಿಂತರು. ಈ ಸಲ ಇಂದ್ರೇಶ ಸ್ವಂತ ಕಣ್ಣಲ್ಲಿ ನೋಡಿದ್ದ. ಜೀವಮಾನದಲ್ಲಿ ಅಷ್ಟು ಸ್ಪಷ್ಟವಾಗಿ ಅವನು ಏನನ್ನೂ ನೋಡಿರಲಿಲ್ಲ. ಎದ್ದು ನಿಂತು, ಗೋಲು ಕಣ್ರೋ, ನಾನ್ ನೋಡ್ದೆ ಎಂದು ಕೂಗಿದ.

"ಆ ಖಾಲಿ ಡಬ್ಬದ ಮಾತು ಕೇಳ್ಬೇಡ್ರಲೇ" ಎಂದ ಕಿರಣ್. ಗೋಲು ಹೊಡೆದವನೇ ಅವನು.

ಎಲ್ಲರೂ ಬೋರಮ್ಮಜ್ಜಿಯ ಸುತ್ತ ಸೇರಿದರು. ಅಜ್ಜಿ ಕಡ್ಲೆಕಾಯಿ ಆಯುವುದನ್ನು ನಿಲ್ಲಿಸದೆ ಹೇಳಿದಳು: "ಗೋಲೇ ಕಣ್ರಪ್ಪ. ನಿನ್ನೇನೂ ಹಿಂಗೇ ನನ್ ಪುಟ್ಟಿಗೇ ಬಡಿದಿದ್ದು. ಆಗ್ಲೇ ನನ್ನ ಕೇಳಿದ್ರೆ ಹೇಳ್ತಿದ್ದೆ."

ಮೇಲೆ ಇಂದ್ರೇಶ ಸ್ಟೂಲಿನ ಮೇಲೆ ಕುಸಿದು ಕೂತ. ಕೆಳಗಿನಿಂದ ಕೆಂಚಪ್ಪ ತಲೆ ಎತ್ತಿ, ಅಲ್ಲಾಡದೆ ಕೂರಬೇಕು, ಕ್ಯಾಮೆರಾ ಅಲ್ಲಾಡಿದರೆ ಚಿತ್ರ ಸರಿ ಬರುವುದಿಲ್ಲ ಎಂದು ಹೇಳಿ ಹೋದ.