ಚಿಲುಮೆಯ ಕೊನೆಯ ಮೂರು ಸಾಲು

ಎಲ್ಲದಕ್ಕೂ ಕಾರಣ ಒಂದು ಟರ್ಪೆಂಟೈನ್ ಡಬ್ಬಿ. ಪೇಂಟರ್ ಕುಂಚ ತೊಳೆಯಲು ಕೈ ಚಾಚಿದ, ಡಬ್ಬಿ ಉರುಳಿತು, ಪಕ್ಕದಲ್ಲಿದ್ದ ಹಾಳೆಯ ಕೊನೆಯ ಮೂರು ಸಾಲು ನೀಲಿ ಕೆಸರಾಯಿತು.

ಹಾಳೆಯಲ್ಲಿದ್ದದ್ದು ಪವಿತ್ರ ಚಿಲುಮೆಯ ಪುರಾತನ ಕತೆ. ಅದನ್ನು ಪೂರ್ತಿ ಬಲ್ಲವಳು ಈಗ ಚಿಲುಮೆಯ ಎದುರು ಮನೆಯ ಅಜ್ಜಿ ಒಬ್ಬಳೇ. ಚಿಲುಮೆಯ ಬಳಿ ನಿಲ್ಲಿಸುವ ಬೋರ್ಡಿಗೆಂದು ಅವಳು ಹೇಳಿದ್ದನ್ನು ಊರ ಸಂಘದ ಕಾರ್ಯದರ್ಶಿ ಬರೆದುಕೊಂಡು ಬಂದಿದ್ದ. ಕುರಿ ಕಾಯುವ ಹುಡುಗಿಯೊಬ್ಬಳು ಬಾಯಾರಿ ಬಂಡೆಗೆ ಕಿವಿ ಹಚ್ಚಿದಳು, ಒಳಗಿನಿಂದ ಯಾರೋ ಅವಳನ್ನು ಹೆಸರು ಹಿಡಿದು ಕರೆದರು ಎಂಬಲ್ಲಿಯವರೆಗೆ ಬೋರ್ಡಿಗೆ ಇಳಿದಿತ್ತು. ಕರೆದವರು ಯಾರು? ಅದು ಆ ಕೆಸರಿನಲ್ಲಿತ್ತು.

ಒಂಬತ್ತಕ್ಕೆ ಬೋರ್ಡು ನಿಲ್ಲಬೇಕು. ಕಾರ್ಯದರ್ಶಿಯ ಬಾಯಿಗೆ ಹೆದರಿ ಪೇಂಟರ್ ತಾನೇ ಮೂರು ಸಾಲು ಹೊಸೆದ: 'ಕರೆದವಳು ಜಲದೇವತೆ. ಈ ನೀರು ಕುಡಿದು ಸುಳ್ಳಾಡಿದವರಿಗೆ ಬಿಕ್ಕಳಿಕೆ ಹತ್ತಲಿ ಎಂದು ನುಡಿದು ಮಾಯವಾದಳು.'

ಹತ್ತು ಗಂಟೆಗೆ ತಲೆ ನರೆತ ಕ್ಷೌರಿಕ ಬೋರ್ಡು ಓದಿ, ಒಂದು ಬೊಗಸೆ ನೀರು ಕುಡಿದು, "ನಂಗಿನ್ನೂ ನಲವತ್ತು" ಅಂದ. ತಕ್ಷಣ ಬಿಕ್ಕಳಿಕೆ ಹತ್ತಿತು. ಹನ್ನೊಂದಕ್ಕೆ ಚಿಲುಮೆಯ ಸುತ್ತ ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ಜನ. ಹೆಂಡಂದಿರು ಗಂಡಂದಿರನ್ನು ಎಳೆದುಕೊಂಡು ಬಂದರು. "ಕುಡೀರಿ. ಈಗ ಹೇಳಿ, ನಿನ್ನೆ ಸಂಜೆ ಎಲ್ಲಿದ್ರಿ?"

ಪೇಂಟರ್ ಜನರ ನಡುವೆ ನುಗ್ಗಿದ. ಎಷ್ಟೋ ತಲೆಮಾರು ದಾಟಿ ಬಂದ ಕತೆ ತನ್ನ ಕೈಯಲ್ಲಿ ಸತ್ತಿತಲ್ಲ! ಕಾರ್ಯದರ್ಶಿಯನ್ನು ಹಿಡಿದು, "ಕೊನೇಲಿ ಏನಿತ್ತು ಸಾರ್?" ಎಂದು ಕೇಳಿದ.

"ನಾನು ಬರ್ಕೊಂಡಿದ್ದಷ್ಟೇ ಕಣಯ್ಯಾ. ಕೇಳಿಸ್ಕೊಂಡವರು ಯಾರು?"

ಕೊನೆಗೆ ಪೇಂಟರ್ ಒಣಗಿದ ಗಂಟಲಿಗೆ ಗಟಗಟನೆ ಚಿಲುಮೆಯ ನೀರನ್ನೇ ಸುರಿದುಕೊಂಡು ಕಟ್ಟೆ ಹತ್ತಿದ. "ಕೇಳ್ರಪ್ಪಾ, ಆ ಮೂರು ಸಾಲು ನಾನೇ ಕಟ್ಟಿದ್ದು. ಎಲ್ಲಾ ಸುಳ್... ಹಿಕ್!"

ಜನ ಹೋ ಎಂದರು. "ನೋಡ್ರೋ, ದೇವತೆ ಹೇಗೆ ಹಿಡಿದುಹಾಕಿದ್ಳು!" ಕ್ಷೌರಿಕನಂತೂ ಅವನನ್ನು ತೋಳು ಹಿಡಿದು ಕೆಳಗಿಳಿಸಿದ. "ಬೋರ್ಡ್ ಬರೆದವನೇ ಹೀಗಂದ್ರೆ ಹೇಗಯ್ಯಾ?"

ಪೇಂಟರ್ ಬಿಕ್ಕಳಿಸುತ್ತಲೇ ಎದುರು ಮನೆಗೆ ಓಡಿದ. ಅಜ್ಜಿ ಜಗಲಿಯ ಮೇಲೆ ಕೂತು ಬೋರ್ಡಿನ ಕಡೆಗೇ ನೋಡುತ್ತಿದ್ದಳು.

"ಅಜ್ಜೀ, ತಪ್ಪಾಯ್ತು. ಬಂಡೆಯೊಳಗಿಂದ ಕರೆದೋರು ಯಾರು? ನೀವು ಹೇಳಿದ್ದನ್ನೇ ಮತ್ತೆ ಬರೀತೀನಿ."

"ನಂದೇ ತಪ್ಪು ಕಣಪ್ಪಾ," ಅಜ್ಜಿ ಮುಖ ಸಣ್ಣದು ಮಾಡಿಕೊಂಡಳು. "ಯಾರೂ ಕಿವಿಗೊಡದಿದ್ರೂ ಎಪ್ಪತ್ತು ವರ್ಷ ಬೇರೆ ಏನೋ ಹೇಳ್ಕೊಂಡು ಬಂದೆ. ಪಕ್ಕದ ಮನೆಯವಳು ಬೋರ್ಡ್ ಓದಿ ಹೇಳಿದ್ಲು. ಅಷ್ಟು ದಪ್ಪ ಅಕ್ಷರದಲ್ಲಿ ಸುಳ್ಳು ಬರೀತಾರಾ?"

"ಆ ಬೇರೆ ಏನೋ ಇದೆಯಲ್ಲ, ಅದೇ ನಿಜ ಅಜ್ಜೀ! ಒಂದೇ ಒಂದು ಸಲ ಹೇಳಿ. ನನಗೊಬ್ಬನಿಗೆ ಹೇಳಿ ಸಾಕು."

ಅಜ್ಜಿಯ ತುಟಿ ಅಲುಗಿತು. ಕಣ್ಣಲ್ಲಿ ಏನೋ ಮಿಂಚಿತು. ಪೇಂಟರ್ ಕಿವಿ ಹತ್ತಿರ ತಂದ. ಅವಳು ಮೆಲ್ಲಗೆ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

"ಬೇಡಪ್ಪಾ. ಹುಟ್ಟಿದಾಗಿನಿಂದ ಅದೇ ನೀರು ಕುಡಿದವಳು ನಾನು. ಈ ವಯಸ್ಸಲ್ಲಿ ಬಿಕ್ಕಳಿಕೆ ಹತ್ತಿದ್ರೆ ತಡ್ಕೊಳ್ಳೋಕಾಗುತ್ತಾ?"