ನಿಂಬೆಹಣ್ಣು ತುಳಿದ ಸೈಕಲ್ಲು

"ಎಲ್ಲರೂ ಎರಡು ಹೆಜ್ಜೆ ಹಿಂದಕ್ಕೆ ಸರೀರಿ!" ಎಂದು ಪದ್ಮನಾಭಯ್ಯ ಘೋಷಿಸಿದರು. ಎಲ್ಲರೂ ಎಂದರೆ ಹೆಂಡತಿ ವನಜಾಕ್ಷಿ ಮತ್ತು ಎಂಬತ್ತೆರಡರ ತಾಯಿ ತುಂಗಮ್ಮ.

ವನಜಾಕ್ಷಿ ಸರಿದಳು. ಮೂವತ್ತು ವರ್ಷಗಳಿಂದ ಹೀಗೆ ಸರಿದ ಹೆಜ್ಜೆಗಳನ್ನೆಲ್ಲ ಕೂಡಿಸಿದ್ದರೆ ತುಮಕೂರಿನಿಂದ ಗುಬ್ಬಿಗೆ ಹೋಗಿ ಬರಬಹುದಿತ್ತು. ದೋಸೆ ಮಗುಚುವ ಯಂತ್ರ ದೋಸೆಯನ್ನು ಚಾವಣಿಗೆ ಅಂಟಿಸಿದಾಗಲೂ ಸರಿದಿದ್ದಳು. ಬಟ್ಟೆ ಒಣಗಿಸುವ ಪೆಟ್ಟಿಗೆ ಅವಳ ರೇಷ್ಮೆ ಸೀರೆಯನ್ನು ಕರವಸ್ತ್ರದಷ್ಟು ಮಾಡಿದಾಗಲೂ ಸರಿದಿದ್ದಳು. ಆಮೇಲೆ ಪೊರಕೆ ಹಿಡಿದವಳೂ ಅವಳೇ.

ಈ ಸಲದ್ದು "ಲೋಹಯೌವನ ಯಂತ್ರ". ಕಬ್ಬಿಣದ ವಯಸ್ಸನ್ನು ಹಿಂದಕ್ಕೆ ತಿರುಗಿಸುತ್ತದಂತೆ! ಅದರ ಮುಂದೆ ನಿಂತಿದ್ದದ್ದು ವನಜಾಕ್ಷಿಯ ಸೈಕಲ್ಲು. ಹಂಸದ ಕತ್ತಿನಂತೆ ಬಾಗಿದ, ಈಗ ಎಲ್ಲೂ ಕಾಣಸಿಗದ ಹೆಂಗಸರ ಸೈಕಲ್ಲು. ಊರು ಬಿಟ್ಟು ಹೋಗುತ್ತಿದ್ದ ನರ್ಸಮ್ಮನಿಂದ ಅಪ್ಪ ಕೊಂಡು, ಪಾತ್ರೆಗೆ ಹೆಸರು ಕೊರೆಯುವವನನ್ನು ಕರೆಸಿ ಹ್ಯಾಂಡಲ್ ಮೇಲೆ "ಚಿ. ವನಜಾಕ್ಷಿ" ಎಂದು ಕೊರೆಸಿದ್ದರು. ಮದುವೆಯಾದ ವರ್ಷ ಅಟ್ಟ ಸೇರಿದ್ದು, ತುಕ್ಕಿನಲ್ಲಿ ಹೆಸರೂ ಮುಚ್ಚಿಹೋಗಿತ್ತು.

"ಭಾನುವಾರ ಹಳೇ ವಾಹನಗಳ ಪ್ರದರ್ಶನ. ಅದು ಮುಗಿದ ಮೇಲೆ ವಸ್ತುಸಂಗ್ರಹಾಲಯಕ್ಕೆ ಕೊಟ್ಬಿಡ್ತೀನಿ," ಎಂದಿದ್ದರು ಪದ್ಮನಾಭಯ್ಯ.

"ಅದಕ್ಕೆ ಮುಂಚೆ ನಾನೊಂದು ಸುತ್ತು ಹೋಗಿ ಬರ್ಲಾ?"

"ಅಯ್ಯೋ, ಹೊಸ ಟೈರ್ ಹಾಕ್ಸಿದೀನಿ ಕಣೇ, ಸವೆದುಹೋಗುತ್ತೆ!"

ಅವಳು ಮತ್ತೆ ಕೇಳಿರಲಿಲ್ಲ. ಕೇಳುವುದಕ್ಕೂ ಶಕ್ತಿ ಬೇಕಲ್ಲ.

ಅಂದು ಆಯುಧಪೂಜೆ. ಈಳಿಗೆಮಣೆ, ಕತ್ತರಿ, ಕಾವಲಿ, ಹೊಲಿಗೆ ಯಂತ್ರ, ಗಂಡನ ಸ್ಪಾನರುಗಳು, ಎಲ್ಲವನ್ನೂ ಬೆಳಗಿನಿಂದ ತಿಕ್ಕಿ ತೊಳೆದು ನಡುಮನೆಯಲ್ಲಿ ಸಾಲಾಗಿ ಜೋಡಿಸಿದ್ದಳು. ಸೈಕಲ್ಲು ಬೀದಿಬಾಗಿಲಿಗೆ ಮುಖಮಾಡಿ ನಿಂತಿತ್ತು. ಪದ್ಮನಾಭಯ್ಯ ಯಂತ್ರದ ಗುಂಡಿ ಒತ್ತಿದರು. ಗುಂಯ್ ಎಂದಿತು! ಅದೇ ಹೊತ್ತಿಗೆ ತುಂಗಮ್ಮ ಗುಂಡಿಯ ಮೇಲೊಂದು ಕುಂಕುಮದ ಬೊಟ್ಟಿಟ್ಟು, ಚೆಂಡುಹೂ ಸಿಕ್ಕಿಸಿ, ಮಂಗಳಾರತಿ ಎತ್ತಿಯೇಬಿಟ್ಟರು.

ತುಕ್ಕು ಪುಡಿಪುಡಿಯಾಗಿ ಉದುರತೊಡಗಿತು. ಕರಿಬಣ್ಣ ಮೇಲೆದ್ದು ಬಂತು. ಮಡ್‌ಗಾರ್ಡ್ ಫಳಗುಟ್ಟಿತು.

"ನೋಡ್ದೇನೇ! ಏನಂತೀಯ ಈಗ?"

ವನಜಾಕ್ಷಿ ಸೈಕಲ್ಲಿನತ್ತ ಬಾಗಿದಳು. ಹ್ಯಾಂಡಲ್ ಮೇಲೆ ಅವಳ ಹೆಸರು ಒಂದೊಂದೇ ಅಕ್ಷರವಾಗಿ ಮೂಡುತ್ತಿತ್ತು.

ಆಗಲೇ ಕತ್ತರಿ ಥಳಥಳ ಹೊಳೆದು, ಮಂಕಾಗಿ, ಒಂದು ಹಿಡಿ ಕೆಂಪು ಮಣ್ಣಾಗಿ ಕುಸಿಯಿತು. ಅದರ ಹಿಂದೆಯೇ ಈಳಿಗೆ. ಅದರ ಹಿಂದೆ ಕಾವಲಿ!

"ರೀ, ಏನ್ರೀ ಇದು?"

"ವಯಸ್ಸು ಜಾಸ್ತಿ ಹಿಂದಕ್ಕೆ ಹೋಗ್ತಿದೆ," ಪದ್ಮನಾಭಯ್ಯ ತೊದಲಿದರು. "ಕಬ್ಬಿಣ ಆಗೋಕೆ ಮುಂಚೆ ಅದು ಗಣಿ ಮಣ್ಣಲ್ವಾ... ಸಣ್ಣವು ಮೊದಲು ಹೋಗ್ತವೆ, ದೊಡ್ಡವು ಆಮೇಲೆ..." ಗುಂಡಿಯತ್ತ ಕೈ ಚಾಚಿದರು.

"ಮುಟ್ಟೀಯ ಜೋಕೆ!" ತುಂಗಮ್ಮ ಗುಡುಗಿದರು. "ಪೂಜೆ ಮಾಡಿದ ಆಯುಧ! ನಾಳೆ ಮರುಪೂಜೆ ಆಗೋವರೆಗೂ ಯಾರೂ ಕೈಹಚ್ಚೋ ಹಾಗಿಲ್ಲ!"

"ಅಮ್ಮಾ, ನಾಳೆ ಹೊತ್ತಿಗೆ ಮನೇಲಿ ಮೊಳೇನೂ ಇರಲ್ಲ!"

"ಕರೆಂಟು ತೆಗಿಯೋ!"

"ಬ್ಯಾಟರಿ ಇಟ್ಟಿದೀನಮ್ಮಾ! ಕರೆಂಟು ಹೋದ್ರೂ ನಿಲ್ಲಬಾರದು ಅಂತ!"

ತಾಯಿ ಮಗ ಕಿರುಚಾಡುತ್ತಿದ್ದರು. ವನಜಾಕ್ಷಿಯ ಕಣ್ಣು ಹ್ಯಾಂಡಲ್ ಮೇಲಿತ್ತು. ಅಕ್ಷರಗಳು ಈಗ ಮಾಸತೊಡಗಿದ್ದವು. ಸೈಕಲ್ಲು ಅವಳ ಕಾಲವನ್ನು ದಾಟಿ ಅವಳಿಲ್ಲದ ಕಾಲಕ್ಕೆ ಹೊರಟಿತ್ತು. "ಚಿ." ಆಗಲೇ ಹೋಗಿತ್ತು.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಸೈಕಲ್ಲಿನ ಸ್ಟ್ಯಾಂಡ್ ಒದ್ದಳು.

"ವನಜಾ! ಪೂಜೆ ಮಾಡಿದ್ದನ್ನ ಮುಟ್ತೀಯೇನೇ!"

"ಆಯುಧ ಮುಟ್ಟಬಾರದು ಅತ್ತೆ. ಇದು ವಾಹನ. ನಿಂಬೆಹಣ್ಣು ತುಳಿಸದೆ ಬಿಟ್ರೆ ಪೂಜೆ ಮುಗಿದ ಹಾಗಾ?"

ತುಂಗಮ್ಮ ಹಣೆ ಚಚ್ಚಿಕೊಂಡರು. "ಹೌದಲ್ವೇ! ಮರೆತೇಬಿಟ್ಟಿದ್ದೆ!" ಎಂದು ತಾವೇ ಚಕ್ರದ ಮುಂದೆ ನಿಂಬೆಹಣ್ಣಿಟ್ಟರು.

"ಟೈರೂ..." ಎಂದರು ಪದ್ಮನಾಭಯ್ಯ.

ನಿಂಬೆಹಣ್ಣು ಪಚಕ್ಕೆಂದಿತು. ಹೊಸಿಲು ದಾಟುವಾಗ ಸೈಕಲ್ಲು ಒಮ್ಮೆ ಓಲಾಡಿತು, ಬೀದಿಯಲ್ಲಿ ಇನ್ನೊಮ್ಮೆ. ಮೂರನೇ ಮನೆ ದಾಟುವಷ್ಟರಲ್ಲಿ ಅವಳ ಕಾಲುಗಳಿಗೆ ಎಲ್ಲ ನೆನಪಾಯಿತು. ಒಂದು ಸುತ್ತು ಸಾಲಲಿಲ್ಲ. ಎರಡನೆಯದಕ್ಕೆ ಮಂಡಿ ಬೇಡವೆಂದಿತು, ಅವಳು ಕೇಳಲಿಲ್ಲ. ಎಷ್ಟೋ ವರ್ಷಗಳ ಮೇಲೆ ಆಯಾಸಕ್ಕೊಂದು ಒಳ್ಳೆಯ ಕಾರಣ ಸಿಕ್ಕಿತ್ತು.

ಹಿಂದಿರುಗುವ ಹೊತ್ತಿಗೆ ಮನೆ ನಿಶ್ಶಬ್ದವಾಗಿತ್ತು. ಯಂತ್ರ ಕೊನೆಗೆ ತನ್ನ ವಯಸ್ಸನ್ನೂ ಹಿಂದಕ್ಕೆ ತಿರುಗಿಸಿಕೊಂಡಿತ್ತು. ನಡುಮನೆ ತುಂಬ ಮೊಣಕಾಲುದ್ದ ಕೆಂಪು ಮಣ್ಣು, ಅದರ ಮೇಲೊಂದು ಚೆಂಡುಹೂ.

ಪದ್ಮನಾಭಯ್ಯ ಮಣ್ಣಿನ ನಡುವೆ ಕೂತಿದ್ದರು. ಕಣ್ಣು ಸೈಕಲ್ಲಿನ ಮೇಲೆ ಹೋಯಿತು. "ಸದ್ಯ, ಅದಾದ್ರೂ ಉಳೀತು! ಭಾನುವಾರ..."

"ಭಾನುವಾರ ಈ ಮಣ್ಣು ತಗೊಂಡ್ಹೋಗಿ. ಸೈಕಲ್ಲಿಗಿಂತ ಹಳೇದು." ವನಜಾಕ್ಷಿ ಸೈಕಲ್ಲನ್ನು ಗೋಡೆಗೆ ಒರಗಿಸಿ, ಹ್ಯಾಂಡಲ್ ಮೇಲೆ ಉಳಿದಿದ್ದ ತನ್ನ ಹೆಸರನ್ನು ಸೆರಗಿನಿಂದ ಒರೆಸಿದಳು.

"ಇದನ್ನೆಲ್ಲ ಈಗ ಯಾರು ಎತ್ತೋದು?" ಎಂದರು ಅವರು, ಅಭ್ಯಾಸದಂತೆ ಅವಳತ್ತ ನೋಡಿ.

"ಪೊರಕೆ ಮೂಲೇಲಿದೆ ನೋಡ್ರಿ," ಎಂದಳು ಅವಳು ಕುರ್ಚಿಯಲ್ಲಿ ಕಾಲು ಚಾಚುತ್ತಾ. "ಅದಕ್ಕೆ ಯಾರೂ ಪೂಜೆ ಮಾಡಿಲ್ಲ. ಮುಟ್ಟಬಹುದು."