ವರಾಹಕ್ಕಾಗಿ ಒಂದು ಪೆಟ್ಟಿಗೆ ಊದುಬತ್ತಿ

ಯಾವ ವಸ್ತುವನ್ನು ಯಾವಾಗ ಕೊಳ್ಳಬೇಕು ಎಂಬ ಶಾಸ್ತ್ರದಲ್ಲಿ ನನ್ನನ್ನು ಮೀರಿಸುವವರು ಆರ್.ಟಿ. ನಗರದಲ್ಲಿ ಯಾರೂ ಇಲ್ಲವೆಂದು ನಾನು ನಂಬಿದ್ದ ಕಾಲವೊಂದಿತ್ತು. ಕೊಡೆಯನ್ನು ನಾನು ಬೇಸಿಗೆಯಲ್ಲಿ ಕೊಳ್ಳುತ್ತಿದ್ದೆ. ಸ್ವೆಟರನ್ನೂ ಬೇಸಿಗೆಯಲ್ಲೇ ಕೊಳ್ಳುತ್ತಿದ್ದೆ. ಮಾವಿನಹಣ್ಣನ್ನು ಮಾತ್ರ ಮಳೆ ಶುರುವಾದ ಮೇಲೆ, ಬೆಲೆ ಪೂರ್ತಿ ಇಳಿದಾಗ ತರುತ್ತಿದ್ದೆ. ಆ ಹಣ್ಣಿನೊಳಗೆ ಹುಳ ಇರುತ್ತಿತ್ತು ಎಂಬುದು ನನ್ನ ಹೆಂಡತಿ ಪದ್ಮಾಳ ಆಕ್ಷೇಪಣೆ. ಶಾಸ್ತ್ರದ ಮುಂದೆ ಹುಳ ಯಾವ ಲೆಕ್ಕ!

ಇದಕ್ಕೆಲ್ಲ ನನ್ನ ಉದ್ಯೋಗವೇ ಕಾರಣವಿರಬೇಕು. ಯಶವಂತಪುರದ ಒಂದು ಕಾರ್ಖಾನೆಯಲ್ಲಿ, ಕೆಲಸಗಾರರ ಹಾಜರಿ ನೋಡುವ ಟೈಮ್ ಆಫೀಸಿಗೆ ನಾನು ಮುಖ್ಯಸ್ಥನಾಗಿದ್ದೆ. ಸೈರನ್ ಕೂಗಬೇಕಾದರೆ ನನ್ನ ಅಪ್ಪಣೆ ಬೇಕಾಗಿತ್ತು. ಮನುಷ್ಯನ ಕೈಗೆ ಒಮ್ಮೆ ಸೈರನ್ ಸಿಕ್ಕಿತೆಂದರೆ, ಸೂರ್ಯ ಹುಟ್ಟುವುದೂ ತನ್ನನ್ನು ಕೇಳಿಯೇ ಎಂದು ಅವನಿಗೆ ಅನಿಸತೊಡಗುತ್ತದೆ. ನಮ್ಮ ಮನೆಯಲ್ಲಿ ಕಾಫಿಗೆ ಸಮಯವಿತ್ತು, ಸ್ನಾನಕ್ಕೆ ಸಮಯವಿತ್ತು, ಸಂಜೆಯ ಮಂಗಳಾರತಿಗಂತೂ ಗಡಿಯಾರದ ಮುಳ್ಳು ನೋಡಿಯೇ ಗಂಟೆ ಬಾರಿಸಬೇಕಾಗಿತ್ತು. ನಮ್ಮ ಮಂಗಳಾರತಿ ಕೇಳಿ ಅಕ್ಕಪಕ್ಕದವರು ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಹಾಗೆಂದು ನಾನು ತಿಳಿದಿದ್ದೆ.

ಎಂಬತ್ತರ ದಶಕದ ಆರಂಭದಲ್ಲಿ ನಾವು ಚಾಮರಾಜಪೇಟೆಯ ಬಾಡಿಗೆ ಮನೆ ಬಿಟ್ಟು ಆರ್.ಟಿ. ನಗರಕ್ಕೆ ಬಂದೆವು. ಬರುವ ದಾರಿಯಲ್ಲಿ ಲಾರಿ ಒಂದು ಗುಂಡಿಗೆ ಇಳಿದು ಎದ್ದಿತು. ಹಿಂದಿದ್ದ ಟ್ರಂಕಿನಲ್ಲಿ ಪದ್ಮಾಳಿಗೆ ಅವಳ ಅಮ್ಮ ಕೊಟ್ಟಿದ್ದ ಮಣ್ಣಿನ ದಶಾವತಾರದ ಗೊಂಬೆಗಳಿದ್ದವು. ನವರಾತ್ರಿಗೆ ಗೊಂಬೆ ಕೂರಿಸುವಾಗ ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲು ಯಾವಾಗಲೂ ಅವುಗಳದ್ದೇ. ಹೊಸ ಮನೆಯಲ್ಲಿ ಟ್ರಂಕು ತೆರೆದಾಗ ಹತ್ತು ಅವತಾರಗಳೂ ಮತ್ತೆ ಮಣ್ಣಾಗಿದ್ದವು. ಪದ್ಮಾ ಅಳಲಿಲ್ಲ. ಚೂರುಗಳನ್ನೆಲ್ಲ ಸೆರಗಿಗೆ ತುಂಬಿಕೊಂಡು ಹೋಗಿ ತುಳಸಿಕಟ್ಟೆಯೊಳಗೆ ಹಾಕಿದಳು. ಆ ವರ್ಷದ ನವರಾತ್ರಿಯಲ್ಲಿ ಆ ಮೆಟ್ಟಿಲು ಖಾಲಿ ಇತ್ತು. ಅದರ ಮೇಲೆ ಬೇರೆ ಗೊಂಬೆ ಇಡಲು ಅವಳು ಒಪ್ಪಲಿಲ್ಲ.

ಮರುವರ್ಷ ಒಂದು ಊದುಬತ್ತಿ ಕಂಪನಿಯವರು ಪ್ಯಾಕೆಟ್ಟಿನೊಳಗೆ ದಶಾವತಾರದ ಚಿತ್ರದ ಕಾರ್ಡು ಇಡಲು ಶುರುಮಾಡಿದರು. ಅಂಗೈಯಗಲದ ಗಟ್ಟಿ ಕಾರ್ಡು, ಸುತ್ತ ಚಿನ್ನದ ಬಣ್ಣದ ಅಂಚು. ಪ್ಯಾಕೆಟ್ಟಿಗೆ ಒಂದೇ ಕಾರ್ಡು. ಒಳಗೆ ಯಾವ ಅವತಾರವಿದೆ ಎಂಬುದು ಸೀಲ್ ಒಡೆಯುವ ತನಕ ಪರಮಾತ್ಮನಿಗೇ ಗೊತ್ತು. ಆರ್.ಟಿ. ನಗರದ ಗೃಹಿಣಿಯರಲ್ಲಿ ಇದ್ದಕ್ಕಿದ್ದಂತೆ ಭಕ್ತಿ ಹೆಚ್ಚಿತು. ಯಾರ ಮನೆ ಮುಂದೆ ಹೋದರೂ ಘಮಘಮ!

ಪದ್ಮಾಳ ತಲೆಯಲ್ಲಿ ಆ ಖಾಲಿ ಮೆಟ್ಟಿಲು ಇತ್ತು. ಈ ಸಲದ ನವರಾತ್ರಿಗೆ ಹತ್ತೂ ಕಾರ್ಡುಗಳನ್ನು ಕೂಡಿಸಿ, ರಟ್ಟಿಗೆ ಅಂಟಿಸಿ, ಅಲ್ಲಿ ನಿಲ್ಲಿಸಬೇಕೆಂದು ಅವಳ ಆಸೆ. ಮನೆಯಲ್ಲಿ ಊದುಬತ್ತಿ ಮುಗಿದಾಗಲೆಲ್ಲ ಒಂದು ಪ್ಯಾಕೆಟ್ ತರುವುದು, ಬಂದದ್ದೇ ಬಂದರೆ ಹೆಚ್ಚಿನದನ್ನು ಕಾಂಪೌಂಡಿನ ಬಳಿ ನಿಂತು ಬದಲಾಯಿಸಿಕೊಳ್ಳುವುದು. ಇದು ಅವಳ ಪದ್ಧತಿ. ಪಕ್ಕದ ಮನೆಯಲ್ಲಿ ಧಾರವಾಡದ ಕಲಾವತಿ ಇದ್ದರು. ಕಾಲೇಜೊಂದರ ಕಚೇರಿಯಲ್ಲಿ ಕೆಲಸ. ಬೆಳಿಗ್ಗೆ ನಾನು ಪತ್ರಿಕೆ ಓದುತ್ತಿದ್ದರೆ ಕಾಂಪೌಂಡಿನ ಕಡೆಯಿಂದ ಈ ಬಗೆಯ ಮಾತು ಕೇಳಿಬರುತ್ತಿತ್ತು.

"ಪದ್ಮಕ್ಕಾ, ನಿಮ್ಮಂತ್ಯಾಕ ಪರಶುರಾಮ ಎರಡು ಅದಾನಲ್ರೀ? ಒಂದು ಕೊಡ್ರಿ, ಕೂರ್ಮ ಕೊಡ್ತೀನಿ."

"ಕೂರ್ಮ ಇದೆ ಕಣ್ರೀ ನನ್ ಹತ್ರ. ಬುದ್ಧ ಇದ್ರೆ ಕೊಡಿ."

"ಬುದ್ಧ ಬೇಕಂದ್ರ ಪರಶುರಾಮನ ಜೋಡಿ ಮತ್ಸ್ಯಾನೂ ಕೊಡಬೇಕ್ರೀ. ಬುದ್ಧ ಭಾಳ ತುಟ್ಟಿ ಅದಾನ ಈಗ!"

"ಗೊಂಬೆ ಕೂರಿಸೋದು ನಿಮ್ ಕಡೆ ಪದ್ಧತಿನೇ ಇಲ್ಲ ಅಂತಿದ್ರಿ?"

"ಇಲ್ರೀ, ನಾವು ಒಂಬತ್ತು ದಿನ ದೀಪಾ ಇಟ್ಟು ಘಟ್ಟ ಹಾಕೂ ಮಂದಿ. ಇಲ್ಲಿಗ್ ಬಂದಮ್ಯಾಲೆ ನಿಮ್ಮಿಂದ ಈ ಚಟಾ ಹತ್ತೇತಿ ನೋಡ್ರಿ!"

ಕಲ್ಕಿ ಸಿಗುವುದು ಕಷ್ಟವೆಂದು ಎಲ್ಲರ ಅಂದಾಜು. ಆದರೆ ಕಲಿಯುಗದ ಕೊನೆಗೆ ಬರಬೇಕಾದ ಅವನು ನಮ್ಮ ಮನೆಗೆ ಮೊದಲನೆಯ ಪ್ಯಾಕೆಟ್ಟಿನಲ್ಲೇ ಬಂದುಬಿಟ್ಟ. ಆಮೇಲೂ ಒಮ್ಮೆ ಬಂದ. ಗಣೇಶನ ಹಬ್ಬ ಮುಗಿಯುವ ಹೊತ್ತಿಗೆ ಪದ್ಮಾಳ ಬಳಿ ಎಲ್ಲರೂ ಸೇರಿದ್ದರು, ಒಬ್ಬ ವರಾಹ ಮಾತ್ರ ಬಾಕಿ.

ಇಲ್ಲಿಗೆ ಬಿಟ್ಟಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ. ಆದರೆ ನಾನು ಪತ್ರಿಕೆಯನ್ನು ಮಡಿಸಿಟ್ಟು ಎದ್ದು ನಿಂತೆ.

"ಪದ್ಮಾ, ಇದು ಕೊಳ್ಳುವ ಕ್ರಮವಲ್ಲ. ಜೂಜು. ಒಂದೊಂದು ಪ್ಯಾಕೆಟ್ ತಂದು ದೇವರ ಮೇಲೆ ಭಾರ ಹಾಕ್ತಿದೀಯ. ಇದನ್ನು ನನಗೆ ಬಿಡು."

"ಒಂದೇ ಬಾಕಿ ಕಣ್ರೀ. ತಾನಾಗೇ ಬರತ್ತೆ."

"ತಾನಾಗಿ ಬರೋದು ನೆಗಡಿ. ವರಾಹ ಯೋಜನೆಯಿಂದ ಬರಬೇಕು."

ನನ್ನ ಯೋಜನೆ ಹೀಗಿತ್ತು. ಬಿಡಿ ಪ್ಯಾಕೆಟ್ ಕೊಳ್ಳುವುದನ್ನು ಅಂದಿನಿಂದಲೇ ನಿಲ್ಲಿಸುವುದು. ಪಿತೃಪಕ್ಷ ಬರುವ ತನಕ ಕಾಯುವುದು. ಪಿತೃಪಕ್ಷದಲ್ಲಿ ಜನ ಹೊಸ ಸಾಮಾನು ಕೊಳ್ಳುವುದಿಲ್ಲ, ವ್ಯಾಪಾರಿಗಳು ನೊಣ ಹೊಡೆಯುತ್ತಿರುತ್ತಾರೆ, ಬೆಲೆ ಇಳಿಯುತ್ತದೆ. ಅದೇ ಹೊತ್ತಿಗೆ ನವರಾತ್ರಿಯ ಹೊಸ ಸರಕು ಸಗಟು ಅಂಗಡಿಗೆ ಬಂದು ಬಿದ್ದಿರುತ್ತದೆ. ಆ ಹೊತ್ತು ನೋಡಿ ಕಂಪನಿಯ ಸೀಲ್ ಒಡೆಯದ ಒಂದು ಇಡೀ ಪೆಟ್ಟಿಗೆಯನ್ನೇ ಹೊತ್ತು ತರುವುದು. ಸೀಲ್ ಇದ್ದರೆ ಯಾರೂ ಒಳ್ಳೊಳ್ಳೆಯ ಕಾರ್ಡು ಆರಿಸಿಕೊಂಡಿರುವ ಸಂಭವವಿಲ್ಲ. ಹತ್ತೂ ಅವತಾರಗಳು ಸಾಲಾಗಿ ಕುಳಿತಿರಲೇಬೇಕು!

ಪಿತೃಪಕ್ಷದಲ್ಲಿ ರಜೆ ಹಾಕಿ ಯಶವಂತಪುರದ ಸಗಟು ಅಂಗಡಿಗೆ ಹೋದೆ. ಅಂಗಡಿಯ ಶೆಟ್ಟರು ನಿಜವಾಗಿಯೂ ನೊಣ ಹೊಡೆಯುತ್ತಿದ್ದರು. ನನ್ನ ಶಾಸ್ತ್ರದ ಮೇಲೆ ನನಗೆ ಹೆಮ್ಮೆಯಾಯಿತು. ಬೆಲೆಯನ್ನೂ ತಕರಾರಿಲ್ಲದೆ ಇಳಿಸಿದರು.

"ಬಿಚ್ಚಿ ಕಲಸಿ ಕೊಡ್ಲಾ ಸಾರ್?" ಎಂದು ಕೇಳಿ ಅವರು ಚಾಕು ಕೈಗೆತ್ತಿಕೊಂಡರು.

"ಸೀಲ್ ಮುಟ್ಟಬೇಡಿ!" ಎಂದೆ. ಕಾರ್ಖಾನೆಯ ಗೇಟಿನಲ್ಲಿ ತಡವಾಗಿ ಬಂದವರಿಗೆ ಹೇಳುವ ಧ್ವನಿಯಲ್ಲಿ.

"ಇಲ್ಲ ಸಾರ್, ಅಂಗ್ಡಿಯೋರಿಗೆಲ್ಲ ಹಾಗೇನೇ ಕೊಡೋದು..."

"ನಾನು ಅಂಗಡಿಯವನಲ್ಲ."

ಶೆಟ್ಟರು ಚಾಕು ಕೆಳಗಿಟ್ಟು ಮತ್ತೆ ನೊಣದ ಕಡೆ ತಿರುಗಿದರು. ಇವರು ಒಳಗಿನ ವರಾಹವನ್ನು ಎಗರಿಸುವುದರಲ್ಲಿದ್ದರು, ನಾನು ತಪ್ಪಿಸಿದೆ ಎಂದುಕೊಳ್ಳುತ್ತಾ ಪೆಟ್ಟಿಗೆಯನ್ನು ಆಟೋದಲ್ಲಿ ಹೇರಿಸಿದೆ.

ಮನೆಯ ಬಾಗಿಲಲ್ಲೇ ಪದ್ಮಾ ತಡೆದಳು. "ಪಿತೃಪಕ್ಷದಲ್ಲಿ ಗೊಂಬೆ ಸಾಮಾನು ತರ್ತಾರೇನ್ರೀ ಯಾರಾದ್ರೂ?"

"ಗೊಂಬೆಯಲ್ಲ, ಊದುಬತ್ತಿ. ಶ್ರಾದ್ಧಕ್ಕೂ ಬೇಕು."

"ಇಷ್ಟೊಂದಾ! ಎಷ್ಟು ತಲೆಮಾರಿನವರಿಗೆ ಶ್ರಾದ್ಧ ಮಾಡ್ತೀರಿ?"

ಕೊನೆಗೆ ರಾಜಿಯಾಯಿತು. ಪೆಟ್ಟಿಗೆ ಒಳಗೆ ಬರಬಹುದು, ಆದರೆ ಅಮಾವಾಸ್ಯೆ ಕಳೆದು ನವರಾತ್ರಿಯ ಪಾಡ್ಯ ಬರುವ ತನಕ ಸೀಲ್ ಒಡೆಯುವಂತಿಲ್ಲ. ನನಗೂ ಅದೇ ಬೇಕಾಗಿತ್ತು. ಸೀಲ್ ಇರುವ ಪೆಟ್ಟಿಗೆಗೆ ಒಂದು ಗಾಂಭೀರ್ಯವಿರುತ್ತದೆ. ಹಾಲಿನಲ್ಲಿ ಎಲ್ಲರಿಗೂ ಕಾಣುವಂತೆ ಸ್ಟೂಲಿನ ಮೇಲೆ ಇಟ್ಟೆ.

ಎರಡು ದಿನ ಬಿಟ್ಟು ಕಲಾವತಿ ಕಾಂಪೌಂಡಿನ ಬಳಿ ಕೂಗಿದರು. "ಪದ್ಮಕ್ಕಾ! ವರಾಹ ಬಂದಾನ್ರೀ ನಮ್ಮನಿಗೆ! ಎರಡನೇದು! ನಿಮ್ಮ ಹೆಚ್ಚಿನ ಕಲ್ಕಿ ಕೊಟ್ಟು ತಗೊಂಡ್ ಬಿಡ್ರಿ."

ಪದ್ಮಾ ಸೌಟನ್ನೂ ಕೆಳಗಿಡದೆ ಓಡಿದಳು. ಆದರೆ ಅವಳಿಗಿಂತ ಮೊದಲು ನಾನು ತಲುಪಿದೆ.

"ಸ್ವಲ್ಪ ತಾಳಿ. ಪಾಡ್ಯಕ್ಕೆ ನಮ್ಮ ಪೆಟ್ಟಿಗೆ ತೆರೆಯುತ್ತದೆ. ಆಗ ನಮ್ಮಲ್ಲಿ ವರಾಹಗಳ ರಾಶಿಯೇ ಬೀಳುತ್ತದೆ. ಒಂದು ವರಾಹಕ್ಕೆ ಒಂದು ಕಲ್ಕಿಯೆಂದರೆ ಈ ಹೊತ್ತಿನಲ್ಲಿ ನಮಗೆ ನಷ್ಟ. ಜೊತೆಗೆ ಒಬ್ಬ ಕೃಷ್ಣನನ್ನೂ ಕೊಡುವುದಾದರೆ ಯೋಚಿಸಬಹುದು."

ಕಲಾವತಿ ಸೊಂಟದ ಮೇಲೆ ಕೈಯಿಟ್ಟರು. "ಹಂಗಾ? ರಾಯರ, ದೇವರನ್ನ ಹರಾಜ್ ಹಾಕಾಕ ಹತ್ತೀರೇನು? ಇರ್ಲಿ ಬಿಡ್ರಿ. ಸಹಕಾರನಗರದ ನಾಗರತ್ನಮ್ಮಾರು ಕೇಳಾಕ್ಹತ್ಯಾರ. ಅವರಿಗೇ ಕೊಡ್ತೀನಿ."

ಪದ್ಮಾ ಸೌಟು ಹಿಡಿದುಕೊಂಡೇ ಒಳಗೆ ಹೋದಳು. ಅಂದಿನ ಸಾರಿಗೆ ಉಪ್ಪಿರಲಿಲ್ಲ. ನಾನು ಎರಡು ಸಲ ಹಾಕಿಸಿಕೊಂಡು ಉಂಡೆ.

ಪಾಡ್ಯದ ಬೆಳಿಗ್ಗೆ ಬಂತು. ಸ್ನಾನ ಮಾಡಿ, ಪಂಚೆ ಉಟ್ಟು, ಪೆಟ್ಟಿಗೆಗೆ ಕುಂಕುಮ ಹಚ್ಚಿ, ಪದ್ಮಾಳನ್ನು ಎದುರು ಕೂರಿಸಿಕೊಂಡು ಸೀಲ್ ಒಡೆದೆ. ಮೊದಲನೆಯ ಪ್ಯಾಕೆಟ್ ಬಿಚ್ಚಿದೆ.

ಮತ್ಸ್ಯ.

"ಸರಿಯಾಗಿದೆ. ಕ್ರಮವಾಗಿ ಇಟ್ಟಿದ್ದಾರೆ. ಮುಂದಿನದು ಕೂರ್ಮ, ಅದರ ಮುಂದಿನದು ನಮ್ಮ ವರಾಹ" ಎಂದೆ.

ಎರಡನೆಯದು ಮತ್ಸ್ಯ. ಮೂರನೆಯದೂ ಮತ್ಸ್ಯ. ಮೇಲಿನ ಸಾಲು ಬಿಟ್ಟು ನಡುವಿನಿಂದ ತೆಗೆದೆ, ಮತ್ಸ್ಯ. ತಳದಿಂದ ತೆಗೆದೆ, ಮತ್ಸ್ಯ. ಪೆಟ್ಟಿಗೆಯನ್ನೇ ತಲೆಕೆಳಗು ಮಾಡಿ ಸಿಕ್ಕಸಿಕ್ಕ ಪ್ಯಾಕೆಟ್ ಬಿಚ್ಚಿದೆ. ಹಾಲಿನ ನೆಲದ ತುಂಬ ಚಿನ್ನದ ಅಂಚಿನ ಮೀನುಗಳು ಹರಡಿಕೊಂಡವು. ಪ್ರಳಯಕಾಲದಲ್ಲೂ ಇಷ್ಟು ಮೀನು ಇದ್ದವೋ ಇಲ್ಲವೋ!

ಪದ್ಮಾ ನಿಧಾನವಾಗಿ ಎದ್ದಳು. "ನಾನು ಕಲಶಕ್ಕೆ ಮಾವಿನೆಲೆ ತರ್ತೀನಿ" ಎಂದು ಹೊರಗೆ ಹೋದಳು. ಕಳೆದ ವರ್ಷ ಚೂರುಗಳನ್ನು ಸೆರಗಿಗೆ ತುಂಬಿಕೊಂಡು ಹೋದಾಗಲೂ ಅವಳು ಹೀಗೇ ನಡೆದಿದ್ದಳು.

ಎಲ್ಲವನ್ನೂ ಮತ್ತೆ ಪೆಟ್ಟಿಗೆಗೆ ತುಂಬಿಕೊಂಡು ನಾನು ಯಶವಂತಪುರಕ್ಕೆ ಧಾವಿಸಿದೆ. ಶೆಟ್ಟರ ಅಂಗಡಿಯಲ್ಲಿ ಹಬ್ಬದ ನೂಕುನುಗ್ಗಲು. ಈಗ ನೊಣಕ್ಕೂ ಜಾಗವಿರಲಿಲ್ಲ.

"ಒಂದು ಪೆಟ್ಗೆಗೆ ಒಂದೇ ಅವತಾರ ಸಾರ್ ಕಂಪ್ನಿಯಿಂದ ಬರೋದು. ನಾವೇ ಬಿಚ್ಚಿ, ಹತ್ತು ಪೆಟ್ಗೆದೂ ಕಲಸಿ, ಅಂಗ್ಡಿಗಳಿಗೆ ಕೊಡೋದು. ಅದಕ್ಕೇ ಅವತ್ತು ಕೇಳ್ದೆ."

"ಹಾಗಾದರೆ ಈಗ ಬದಲಾಯಿಸಿಕೊಡಿ."

ಶೆಟ್ಟರು ಪೆಟ್ಟಿಗೆಯನ್ನು ಒಮ್ಮೆ ತಿರುಗಿಸಿ ನೋಡಿದರು. "ಸೀಲ್ ಒಡ್ದಿದೀರಲ್ಲ ಸಾರ್!"

ಮನೆಗೆ ಹೋಗಲು ಮುಖವಿರಲಿಲ್ಲ. ನೇರವಾಗಿ ಕಲಾವತಿಯವರ ಬಾಗಿಲು ತಟ್ಟಿದೆ. ಅವರ ಮನೆಯಲ್ಲಿ ಒಂಬತ್ತು ದಿನ ಉರಿಯಬೇಕಾದ ನಂದಾದೀಪ ಆಗಲೇ ಬೆಳಗುತ್ತಿತ್ತು. ನಾನು ಪೆಟ್ಟಿಗೆಯನ್ನು ಹೊಸಿಲ ಬಳಿ ಇಳಿಸಿ ಒಂದು ಹಿಡಿ ಮತ್ಸ್ಯಗಳನ್ನು ಮುಂದೆ ಚಾಚಿದೆ.

"ವರಾಹಕ್ಕೆ ಬದಲಾಗಿ ಎಷ್ಟು ಬೇಕಾದರೂ ತೆಗೆದುಕೊಳ್ಳಿ."

"ರಾಯರ, ನಿಮ್ಮ ಹಾಲ್‌ನ್ಯಾಗ ಮೀನು ಬಿದ್ದದ್ದು ಇಡೀ ಓಣಿಗೇ ಗೊತ್ತಾಗೇತಿ. ಇನ್ ಮತ್ಸ್ಯಾನ ಯಾರೂ ಮೂಸಿ ನೋಡೂದಿಲ್ಲ." ನನ್ನ ಮುಖ ನೋಡಿ ಅವರ ಧ್ವನಿ ಮೆತ್ತಗಾಯಿತು. "ಚಪ್ಪಲಿ ಬಿಡಬ್ಯಾಡ್ರಿ. ನಡೀರಿ, ನಾಗರತ್ನಮ್ಮಾರ ಮನಿಗೆ ಹೋಗೂಣು. ನಾ ಬಂದು ಹೇಳ್ತೀನಿ. ನಮ್ಮ ಪದ್ಮಕ್ಕನ ಸಲುವಾಗಿ ಮತ್ತ, ನಿಮ್ಮ ಸಲುವಾಗಿ ಅಲ್ಲ."

ಹೆಬ್ಬಾಳದಲ್ಲಿ ಬಸ್ಸು ಬದಲಾಯಿಸಿ ಸಹಕಾರನಗರ ತಲುಪುವಷ್ಟರಲ್ಲಿ ಬಿಸಿಲು ಇಳಿಯುತ್ತಿತ್ತು. ನಾಗರತ್ನಮ್ಮನವರು ಸಂಗೀತದ ಟೀಚರಾಗಿ ನಿವೃತ್ತರಾದ ವೃದ್ಧೆ. ಬೆತ್ತದ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದರು. ಗೊಂಬೆಗಳ ಮುಂದೆ ಜಮಖಾನದ ಮೇಲೆ ಬೀದಿಯ ಹೆಂಗಸರು, ಹೆಣ್ಣುಮಕ್ಕಳು. ಕಲಾವತಿ ನಡೆದದ್ದನ್ನೆಲ್ಲ ಹೇಳಿದರು. ಹೇಳಬಾರದ್ದನ್ನೂ ಹೇಳಿದರು.

ವೃದ್ಧೆ ನನ್ನನ್ನು ಕನ್ನಡಕದ ಮೇಲಿಂದ ನೋಡಿದರು. "ವರಾಹ ಕೊಡ್ತೀನಪ್ಪ. ಮತ್ಸ್ಯ ಬೇಡ ನನಗೆ. ಆದ್ರೆ ಗೊಂಬೆ ನೋಡೋಕೆ ಬಂದೋರು ಸುಮ್ನೆ ಹೋಗೋ ಹಾಗಿಲ್ಲ. ಒಂದು ಹಾಡು ಹೇಳು."

"ನಾನು... ಟೈಮ್ ಆಫೀಸಿನವನು."

"ಒಳ್ಳೇದಾಯ್ತು. ತಾಳ ತಪ್ಪಲ್ಲ ಹಾಗಾದ್ರೆ."

ಜಮಖಾನದ ಮೇಲೆ ಚಕ್ಕಳಮಕ್ಕಳ ಕುಳಿತೆ. ಚಿಕ್ಕಂದಿನಲ್ಲಿ ಕೇಳಿದ್ದ ಒಂದು ದೇವರನಾಮವನ್ನು ಎತ್ತಿಕೊಂಡೆ. ನನ್ನ ಕಂಠದಿಂದ ಹೊರಟ ಧ್ವನಿ ನನಗೇ ಪರಿಚಿತವೆನಿಸಿತು. ಅದು ನಮ್ಮ ಕಾರ್ಖಾನೆಯ ಸೈರನ್!

"ಶ್ರುತಿ ಸೇರ್ತಿಲ್ಲ. ಮೊದಲಿಂದ ಹೇಳು" ಎಂದರು ವೃದ್ಧೆ.

ಮೊದಲಿನಿಂದ ಹೇಳಿದೆ. ಹೆಣ್ಣುಮಕ್ಕಳು ಲಂಗವನ್ನು ಬಾಯಿಗೆ ಅಡ್ಡ ಹಿಡಿದರು. ಕಲಾವತಿ ಗೋಡೆಯ ಕಡೆ ತಿರುಗಿದ್ದರು, ಅವರ ಭುಜ ಮಾತ್ರ ಕುಣಿಯುತ್ತಿತ್ತು. ಚರಣ ಮರೆತುಹೋಗಿ ಪಲ್ಲವಿಯನ್ನೇ ಮತ್ತೆ ಮತ್ತೆ ಹಾಡುತ್ತಿದ್ದಾಗ ವೃದ್ಧೆಗೆ ಕರುಣೆ ಬಂತು. ಕೈಗೆ ವರಾಹ ಬಂತು. ಜೊತೆಗೆ, ಹಾಡಿದ ಮಕ್ಕಳಿಗೆ ಕೊಡುವ ಚಕ್ಕುಲಿಯ ಪೊಟ್ಟಣವೂ ಬಂತು.

ಬಸ್ಸು ಸಿಗುವುದು ತಡವಾಯಿತು. ಕಿಟಕಿಯಾಚೆ ಬೀದಿದೀಪಗಳು ಹತ್ತಿದವು. ನಮ್ಮ ಮನೆಯ ಮಂಗಳಾರತಿಯ ಸಮಯ ನನ್ನ ಕೈಗಡಿಯಾರದಲ್ಲಿ ಬಂತು, ಕಳೆದೂಹೋಯಿತು. ಪದ್ಮಾ ಮೂರನೆಯ ಜಾಗ ಖಾಲಿಯಿಟ್ಟೇ ಆರತಿ ಎತ್ತಿರುತ್ತಾಳೆ. ಸಮಯ ಮೀರಬಾರದೆಂದು ಇಷ್ಟು ವರ್ಷ ಕಲಿಸಿದವನು ನಾನೇ ಅಲ್ಲವೇ?

ಮನೆ ತಲುಪಿದಾಗ ಹಾಲಿನ ತುಂಬ ಹೆಂಗಸರು ಕುಳಿತಿದ್ದರು. ಆರತಿಯ ತಟ್ಟೆ ಸಿದ್ಧವಾಗಿತ್ತು. ಬತ್ತಿ ಹತ್ತಿಸಿರಲಿಲ್ಲ.

"ಆರತಿ ಆಗಲಿಲ್ಲವೇ?" ಎಂದೆ.

"ನೀವು ಬರಲಿ ಅಂತ" ಎಂದಳು ಪದ್ಮಾ.

ಜೇಬಿನಿಂದ ವರಾಹವನ್ನು ತೆಗೆದೆ. ಚಕ್ಕುಲಿಯ ಪೊಟ್ಟಣವೂ ಅದೇ ಜೇಬಿನಲ್ಲಿತ್ತು. ಕಾರ್ಡಿನ ಒಂದು ಮೂಲೆ ಮಡಚಿಹೋಗಿತ್ತು, ವರಾಹಸ್ವಾಮಿಯ ಕಿವಿಯ ಮೇಲೆ ಎಣ್ಣೆಯ ಕಲೆ. ಕೊಟ್ಟು ತಲೆ ತಗ್ಗಿಸಿ ನಿಂತೆ.

ಪದ್ಮಾ ಅದನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಇರ್ಲಿ ಬಿಡಿ. ಅಮ್ಮನ ವರಾಹಕ್ಕೂ ಇದೇ ಕಿವಿ ಮುಕ್ಕಾಗಿತ್ತು" ಎಂದು ಕೂರ್ಮ ನರಸಿಂಹರ ನಡುವೆ ಒತ್ತಾಗಿ ನಿಲ್ಲಿಸಿದಳು. ಮೆಟ್ಟಿಲು ತುಂಬಿತು.

ಆರತಿಗೆ ಗಂಟೆ ಬಾರಿಸಲು ಹೋದವನನ್ನು ಕಲಾವತಿ ತಡೆದರು. "ರಾಯರು ಭಾಳ ಚಂದ ಹಾಡ್ತಾರ್ರೀ ಪದ್ಮಕ್ಕ! ಈಗ ಕೇಳಿ ಬಂದೆ. ಆರತಿಗೂ ಒಂದು ಆಗ್ಲಿ!"

ಪದ್ಮಾ ನನ್ನ ಕಡೆ ನೋಡಿದಳು. ಆ ಬೆಳಿಗ್ಗೆಯಿಂದ ಅವಳು ನಕ್ಕದ್ದು ಅದೇ ಮೊದಲು. ಹಾಡದೆ ವಿಧಿಯಿರಲಿಲ್ಲ. ಅಕ್ಕಪಕ್ಕದವರು ಆ ಹೊತ್ತಿಗೆ ಗಡಿಯಾರ ಸರಿಮಾಡಿಕೊಂಡರೋ ಏನೋ ತಿಳಿಯದು.

ಆಮೇಲೆ ನಮ್ಮ ಮನೆಗೆ ಅರಿಸಿನ ಕುಂಕುಮಕ್ಕೆ ಬಂದವರಿಗೆಲ್ಲ ತಾಂಬೂಲದ ಜೊತೆ ಒಂದು ಪ್ಯಾಕೆಟ್ ಊದುಬತ್ತಿ, ಒಂದು ಮತ್ಸ್ಯ ಕೊಟ್ಟೆವು. ಮರುವರ್ಷ ಕೆಲವರು ದೂರದಿಂದಲೇ ಕೈಮುಗಿದು, "ಕುಂಕುಮ ಸಾಕು ಕಣ್ರೀ" ಎಂದರು. ಈಗ ನಮ್ಮ ಮನೆಗೆ ಏನು ಬೇಕಾದರೂ ಬೇಕಾದಾಗ ತರುವವಳು ಪದ್ಮಾ. ಮಾವಿನಹಣ್ಣಿನಲ್ಲಿ ಹುಳ ಇರುವುದಿಲ್ಲ. ನನಗೆ ಉಳಿದಿರುವ ಅಧಿಕಾರ ಒಂದೇ, ಬೆಳಿಗ್ಗೆ ಸಂಜೆ ಊದುಬತ್ತಿ ಹಚ್ಚುವುದು.

ಆ ಪೆಟ್ಟಿಗೆಯದ್ದೇ. ಇನ್ನೂ ಮುಗಿದಿಲ್ಲ.